ಡಬ್ಬದೊಳಗಿನ ಹಾವು

ಸಿಪ್ಪೆ ಸುಲಿದ ದ್ರಾಕ್ಷಿ ಬೆರಳಿಗೆ ಥೇಟ್ ಕಣ್ಣುಗುಡ್ಡೆ. ಕುದಿಯುವ ನೀರಿನಲ್ಲಿ ಕೆಲವೇ ಕ್ಷಣ ಅದ್ದಿ ತಣ್ಣೀರಿಗೆ ಹಾಕಿದರೆ ಸಿಪ್ಪೆ ಉಗುರಿಗೇ ಬಿಟ್ಟುಕೊಂಡು ಬರುತ್ತದೆ. ಒಳಗಿನ ತಿರುಳು ಜಾರುತ್ತದೆ, ಒತ್ತಿದರೆ ತುಸು ಬಗ್ಗುತ್ತದೆ. ಎರಡು ವರ್ಷದ ಹಿಂದೆ, ಅಕ್ಟೋಬರ್ 30ರ ರಾತ್ರಿ, ನ್ಯೂಜೆರ್ಸಿಯ ನಮ್ಮ ಅಡುಗೆಮನೆಯಲ್ಲಿ ಕೂತು ನಲವತ್ತು ದ್ರಾಕ್ಷಿ ಸುಲಿದೆ. ಬೇಯಿಸಿದ ಸ್ಪಗೆಟಿಯನ್ನು ಬಸಿದು, ಎಣ್ಣೆ ಸವರಿ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಮುಟ್ಟಿದರೆ ಕರುಳು ಮುಟ್ಟಿದ ಹಾಗಿತ್ತು. ಮಗಳ ಎರಡನೇ ತರಗತಿಯ ಹ್ಯಾಲೋವೀನ್ ಪಾರ್ಟಿಗೆ ಆ ವರ್ಷ ನಾನೇ ರೂಮ್ ಪೇರೆಂಟ್, ಅಂದರೆ ಟೀಚರಿಗೆ ನೆರವಾಗುವ ಪೋಷಕಿ. ಎರಡು ಶೂ ಡಬ್ಬ, ಪಕ್ಕದಲ್ಲಿ ಕೈ ತೂರುವಷ್ಟು ತೂತು, ಒಳಗೇನಿದೆಯೆಂದು ಕಾಣದ ಹಾಗೆ ತೂತಿಗೆ ಅಂಟಿಸಿದ ಹಳೆಯ ಕಾಲುಚೀಲ. ಲಾಲಿಪಾಪಿಗೆ ಬಿಳಿ ಟಿಶ್ಯೂ ಹೊದಿಸಿ, ದಾರ ಕಟ್ಟಿ, ಪೆನ್ನಿನಲ್ಲಿ ಎರಡು ಚುಕ್ಕಿ ಇಟ್ಟರೆ ಅದೇ ದೆವ್ವ. ಇಪ್ಪತ್ತೆರಡು ಮಕ್ಕಳಿಗೆ ಒಟ್ಟು ಖರ್ಚು 14 ಡಾಲರ್.

ಅದರ ಹಿಂದಿನ ವಾರ ಇಲ್ಲಿನ ಕನ್ನಡಿಗರ ರಾಜ್ಯೋತ್ಸವದ ನಾಟಕದ ತಾಲೀಮು ನಡೆದಿತ್ತು. ಊರಿನಿಂದ ಹೊಸದಾಗಿ ಬಂದಿದ್ದ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು: "ಅಲ್ಲ ಅಕ್ಕಾ, ಮನೇಲಿ ದೀಪ ಹಚ್ಚಿ ಶ್ಲೋಕ ಹೇಳಿಸ್ತೀವಿ, ಶಾಲೇಲಿ ಪ್ರೇತದ ವೇಷ ಹಾಕಿಸ್ತೀವಿ. ಇದು ಸರೀನಾ?"

ನನಗೆ ಥಟ್ಟನೆ ಉತ್ತರ ಹೇಳಲಾಗಲಿಲ್ಲ. ಕೇಳುವವಳು ಅವಳೊಬ್ಬಳೇ ಅಲ್ಲ. ಯೆಹೋವನ ಸಾಕ್ಷಿಗಳ ಮನೆಗಳಲ್ಲಿ ಈ ಹಬ್ಬ ಮಾಡುವುದಿಲ್ಲ. ಅಂಥ ಮನೆಯ ಮಕ್ಕಳು ಪಾರ್ಟಿಯ ಹೊತ್ತಿಗೆ ಲೈಬ್ರರಿಗೆ ಹೋಗಿ ಕೂರುವುದನ್ನು ಕಂಡಿದ್ದೇನೆ. ಫ್ಲಾರಿಡಾದಲ್ಲಿ ಶಾಲೆಯ ಗೋಡೆಗೆ ಮಾಟಗಾತಿ, ಪೊರಕೆಗಳ ಚಿತ್ರ ಅಂಟಿಸಿದ್ದು ಧರ್ಮಪ್ರಚಾರವೆಂದು ಒಬ್ಬ ತಂದೆ ಕೋರ್ಟಿಗೆ ಹೋಗಿದ್ದರು. ಅಲ್ಲವೆಂದು 1994ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಅದು ಸಂವಿಧಾನದ ಮಾತು. ಆ ತಾಯಿ ಕೇಳಿದ್ದು ಮಗುವಿನ ಮನಸ್ಸಿನ ಮಾತು.

ಹ್ಯಾಲೋವೀನಿನ ಬೇರು ಐರ್ಲೆಂಡ್, ಸ್ಕಾಟ್ಲೆಂಡಿನ ಕಡೆಯದು. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ರಾತ್ರಿ ಸತ್ತವರು ಮನೆಯತ್ತ ಬರುತ್ತಾರೆಂಬ ನಂಬಿಕೆ. ಮರುದಿನ, ನವೆಂಬರ್ 1, ಕ್ರೈಸ್ತರಿಗೆ ಸಕಲ ಸಂತರ ಹಬ್ಬ. ಅದರ ಮರುದಿನ ಸಕಲ ಆತ್ಮಗಳ ದಿನ. ಅಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದವರು ವಲಸೆ ಬಂದಾಗ ಅಮೆರಿಕದಲ್ಲಿ ಸಿಕ್ಕಿದ್ದು ಕುಂಬಳಕಾಯಿ. ನಮಗಿದು ಅಷ್ಟೇನೂ ದೂರದ್ದಲ್ಲ. ನಾನು ಚಿಕ್ಕವಳಿದ್ದಾಗ ತಿಪಟೂರಿನ ಹತ್ತಿರದ ನಮ್ಮೂರಲ್ಲಿ ಮನೆಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ "ನಾಳೆ ಬಾ" ಎಂದು ಬರೆದಿರುತ್ತಿದ್ದರು. ರಾತ್ರಿ ಬಾಗಿಲು ಬಡಿಯುವ ದೆವ್ವ ಅದನ್ನೋದಿ ಹಿಂದಿರುಗಿ, ಮರುದಿನ ಬಂದು ಮತ್ತೆ ಓದಿ ಹಿಂದಿರುಗಬೇಕು. ಇಲ್ಲಿ ಬಾಗಿಲು ಬಡಿಯುವ ದೆವ್ವಕ್ಕೆ ಕದ ತೆರೆದು ಮಿಠಾಯಿ ಕೊಡುತ್ತಾರೆ. ನನಗೆ ಈ ಪದ್ಧತಿಯೇ ಹೆಚ್ಚು ಮೆಚ್ಚುಗೆ; ಅಕ್ಷರಗಳ ಹಿಂದೆ ಮುದುರಿ ಮಲಗಿದ ಆ ರಾತ್ರಿಗಳು ನನಗಿನ್ನೂ ನೆನಪಿವೆ.

ಪಾರ್ಟಿಯ ದಿನ ಮಕ್ಕಳು ಸಾಲು ನಿಂತರು. ಮೊದಲ ಹುಡುಗ ಕೈ ತೂರಿಸಿದವನೇ ಕಿಟಾರನೆ ಕಿರುಚಿದ. ಅವನ ಕಿರುಚಾಟ ಕೇಳಿಯೇ ಹಿಂದಿನವರು ಅರ್ಧ ಹೆದರಿದ್ದರು. ಎಲ್ಲರ ಸರದಿ ಮುಗಿದ ಮೇಲೆ ಮುಚ್ಚಳ ತೆಗೆದೆ. "ಗ್ರೇಪ್ಸ್!" ಎಂದು ತರಗತಿಯೇ ಕೂಗಿತು. ನನ್ನನ್ನು ಬೆರಗುಗೊಳಿಸಿದ್ದು ಆಮೇಲಿನದು. ಮಕ್ಕಳು ಮತ್ತೆ ಸಾಲು ನಿಂತರು. ಒಳಗಿರುವುದು ದ್ರಾಕ್ಷಿಯೆಂದು ಗೊತ್ತಿದ್ದೂ ಕೈ ತೂರಿಸಿದರು, ಮತ್ತೆ ಕಿರುಚಿದರು. ಒಬ್ಬಳು ತನ್ನ ತೋಳು ತೋರಿಸಿದಳು, ಕೂದಲು ನೆಟ್ಟಗೆ ನಿಂತಿತ್ತು.

ಆ ತೋಳು ಕಂಡು ಹಳೆಯದೊಂದು ಮಾತು ನೆನಪಾಯಿತು. ಅದ್ವೈತಾಚಾರ್ಯ ಗೌಡಪಾದರ ಮಾಂಡೂಕ್ಯ ಕಾರಿಕೆಯ ಎರಡನೆಯ ಪ್ರಕರಣದಲ್ಲಿ, ಕತ್ತಲಲ್ಲಿ ಇದು ಹಗ್ಗವೆಂದು ನಿಶ್ಚಯವಾಗದೆ ಅದು ಹಾವಾಗಿ, ನೀರಿನ ಧಾರೆಯಾಗಿ ತೋರುವ ಮಾತು ಬರುತ್ತದೆ. ಹಾವನ್ನು ಬಡಿದು ಸಾಯಿಸಬೇಕಾಗಿಲ್ಲ, ದೀಪ ತಂದರೆ ಸಾಕು ಎಂದು ನಮ್ಮಜ್ಜಿ ಅದನ್ನೇ ಕತೆ ಮಾಡಿ ಹೇಳುತ್ತಿದ್ದಳು. ಅದ್ವೈತಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ "ಬಾಧಿತಾನುವೃತ್ತಿ" ಎನ್ನುತ್ತಾರೆ. ಸುಳ್ಳೆಂದು ತಿಳಿದ ಮೇಲೂ ತೋರಿಕೆ ಉಳಿಯುತ್ತದೆ. ಬಿಸಿಲ್ಗುದುರೆಯೆಂದು ಗೊತ್ತಿದ್ದರೂ ಕಣ್ಣಿಗೆ ನೀರೇ ಕಾಣುತ್ತದೆ, ಆದರೆ ಕೊಡ ಹಿಡಿದು ಯಾರೂ ಓಡುವುದಿಲ್ಲ. ಏಳು ವರ್ಷದ ಮಗುವಿನ ತೋಳಿನ ಮೇಲೆ ಆ ದಿನ ನಾನು ಕಂಡದ್ದು ಇದನ್ನೇ. ತಾಲೀಮಿನ ತಾಯಿಗೆ ಹೇಳಲು ಉತ್ತರ ಸಿಕ್ಕಿತು ಎಂದುಕೊಂಡೆ: ಮುಚ್ಚಳ ತೆಗೆದು ತೋರಿಸುವ ಆಟ ಪ್ರೇತಪೂಜೆಯಲ್ಲ, ಭಯದ ಒಳಗನ್ನು ಕಾಣುವ ಪಾಠ.

ಅಷ್ಟರಲ್ಲಿ ಕಿಟಕಿಯ ಹತ್ತಿರ ಒಬ್ಬ ಹುಡುಗಿ ಅಳುತ್ತಿರುವುದು ಕಾಣಿಸಿತು. ಸಾಲಿನಲ್ಲಿ ನಿಂತವಳೇ ಅಲ್ಲ. ಹತ್ತಿರ ಹೋಗಿ ಒಂದು ದ್ರಾಕ್ಷಿ ತೋರಿಸಿ "ನೋಡು, ಹಣ್ಣು ಅಷ್ಟೇ" ಎಂದೆ. ಅಳು ಹೆಚ್ಚಾಯಿತು. ಟೀಚರ್ ಮೆಲ್ಲಗೆ ಹೇಳಿದರು: ಎರಡು ವಾರದ ಹಿಂದೆ ಅವಳ ತಾತ ತೀರಿಕೊಂಡಿದ್ದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಮಧ್ವರ ಪರಂಪರೆ ಹಗ್ಗ-ಹಾವಿನ ವಿಷಯದಲ್ಲಿ ಬೇರೆ ಮಾತು ಹೇಳುತ್ತದೆ. ಹಗ್ಗವನ್ನು ಹಾವೆಂದು ತಿಳಿಯಬೇಕಾದರೆ ಎಲ್ಲೋ ಒಂದು ಕಡೆ ನಿಜವಾದ ಹಾವು ಇರಲೇಬೇಕು. ಭ್ರಮೆಗೂ ಎರಡು ಸತ್ಯಗಳು ಬೇಕು. ಕಾಲೇಜಿನಲ್ಲಿ ಇದನ್ನು ಓದಿದಾಗ ವಾದಕ್ಕಾಗಿ ಮಾಡಿದ ವಾದ ಎನಿಸಿತ್ತು. ಈಗ ಅದರ ತೂಕ ತಿಳಿಯಿತು. ನನ್ನ ಡಬ್ಬದಲ್ಲಿದ್ದದ್ದು ದ್ರಾಕ್ಷಿ. ಆ ಮಗುವಿನ ಮನೆಯಲ್ಲಿದ್ದದ್ದು ದ್ರಾಕ್ಷಿಯಲ್ಲ. ಉಳಿದ ಇಪ್ಪತ್ತೊಂದು ಮಕ್ಕಳಿಗೆ ದೀಪ ತಂದರೆ ಹಾವು ಹೋಗುತ್ತದೆ. ಇವಳು ಹಾವನ್ನು ಕಂಡು ಬಂದವಳು. ಅವಳೆದುರು "ಅಷ್ಟೇ" ಎಂದು ನಾನು ಆಡಿದ ಮಾತು ತಪ್ಪು.

ಆ ಹುಡುಗಿಯ ತಾಯಿ ಮೆಕ್ಸಿಕೊದವರು. ಕ್ಷಮೆ ಕೇಳಲು ಹೋದಾಗ ಅವರು ಫೋನಿನಲ್ಲಿ ಮನೆಯ ಚಿತ್ರವೊಂದನ್ನು ತೋರಿಸಿದರು. ನವೆಂಬರ್ 1, 2ರಂದು ಅವರು ಸತ್ತವರಿಗಾಗಿ ಮೇಜು ಸಿಂಗರಿಸುತ್ತಾರೆ: ಫೋಟೊ, ಮೇಣದ ಬತ್ತಿ, ಸತ್ತವರು ಇಷ್ಟಪಡುತ್ತಿದ್ದ ತಿಂಡಿ, ರಾಶಿ ರಾಶಿ ಚೆಂಡು ಹೂವು. ಆ ಹಳದಿ ಕಂಡು ನನಗೆ ನಮ್ಮನೆಯ ಮಹಾಲಯ ಅಮಾವಾಸ್ಯೆ ಕಣ್ಣ ಮುಂದೆ ಬಂತು. ಬಾಳೆಲೆಯ ಮೇಲೆ ತಾತನಿಗೆ ಎಡೆ ಇಟ್ಟು, ಅವನ ಹಳೆಯ ಪಂಚೆ ಮಡಿಸಿಟ್ಟು, ಬಾಗಿಲು ಮುಂದೆ ಮಾಡಿ ನಾವೆಲ್ಲ ಹೊರಗೆ ಕಾಯುತ್ತಿದ್ದೆವು. ಬಾಗಿಲಿಗೆ "ನಾಳೆ ಬಾ" ಎಂದು ಬರೆದ ಅದೇ ಮನೆ, ಪಿತೃಪಕ್ಷದಲ್ಲಿ ಸತ್ತವರನ್ನು ಊಟಕ್ಕೆ ಕರೆಯುತ್ತಿತ್ತು. ಹೆಸರಿಲ್ಲದ ಪ್ರೇತಕ್ಕೆ ಹೆದರುತ್ತಿದ್ದೆವು, ತಾತನಿಗೆ ಯಾರೂ ಹೆದರುತ್ತಿರಲಿಲ್ಲ.

ಮರುವರ್ಷ ಪಾರ್ಟಿಯನ್ನು ಬೇರೆ ಥರ ಮಾಡೋಣವೆಂದಾಗ ಮೂರನೇ ತರಗತಿಯ ಟೀಚರ್ ಒಪ್ಪಿದರು. ಡಬ್ಬಗಳು ಒಂದು ಮೂಲೆಯಲ್ಲಿ, ಬೇಕಾದವರಿಗೆ ಮಾತ್ರ. ಇನ್ನೊಂದು ಮೇಜಿನಲ್ಲಿ ಕುಂಬಳಕಾಯಿ: ಸುತ್ತಳತೆಯನ್ನು ದಾರದಲ್ಲಿ ಅಳೆದು, ಬೀಜಗಳನ್ನು ಹತ್ತು ಹತ್ತಾಗಿ ಎಣಿಸುವ ಕೆಲಸ. ಕಿಟಕಿಯ ಹತ್ತಿರ ಟಿಶ್ಯೂ ಕಾಗದವನ್ನು ಮಡಿಸಿ, ನಡು ಕಟ್ಟಿ, ಪದರ ಬಿಡಿಸಿ ಮಾಡಿದ ಚೆಂಡು ಹೂವುಗಳು. ನೆನಪಾದವರ ಹೆಸರನ್ನು ಚೀಟಿಯಲ್ಲಿ ಬರೆದು ಅಲ್ಲಿ ಇಡಬಹುದು. ಅಜ್ಜಿಯಂದಿರ ಹೆಸರು ಬಂದವು, ಎರಡು ನಾಯಿ, ಒಂದು ಮೀನು. ಆ ಹುಡುಗಿ ತಾತನ ಹೆಸರು ಬರೆದಿಟ್ಟಳು. ಆಮೇಲೆ ತಾನಾಗಿಯೇ ಡಬ್ಬದ ಸಾಲಿಗೆ ಹೋಗಿ ನಿಂತಳು. ಕಿರುಚಿದಳೋ ಇಲ್ಲವೋ ನಾನು ನೋಡಲಿಲ್ಲ, ಗೋಂದು ತರಲು ಹೋಗಿದ್ದೆ.

ಈ ಸಲ ನಿಮ್ಮ ಮಗುವಿನ ತರಗತಿಗೆ ದ್ರಾಕ್ಷಿ ಸುಲಿಯುವವರು ನೀವಾದರೆ, ಆಟ ಮುಗಿದ ಮೇಲೆ ಮಕ್ಕಳ ಎದುರಿಗೇ ಮುಚ್ಚಳ ತೆಗೆಯಿರಿ. ಅದಕ್ಕೂ ಮೊದಲು, ಆ ವಾರವೇ, ಟೀಚರನ್ನು ಕೇಳಿ: ಈ ವರ್ಷ ಯಾವ ಮಗುವಿನ ಮನೆಯಲ್ಲಾದರೂ ಸಾವಾಗಿದೆಯೇ?