ಹೋದವರು ಬಂದರೇ ವಿನಿಮಯ

ಚೌಕಟ್ಟು ಹಾಕಿದ ಚಿತ್ರವನ್ನು ಪೆಟ್ಟಿಗೆಯಲ್ಲಿಟ್ಟು ಯಾವ ದೇಶಕ್ಕಾದರೂ ಕಳಿಸಬಹುದು. ಗೋಡೆಚಿತ್ರಕ್ಕೆ ಆ ಅನುಕೂಲವಿಲ್ಲ. ಬರೆಯುವವರೇ ಅಲ್ಲಿಗೆ ಹೋಗಬೇಕು, ಬಿಸಿಲಲ್ಲಿ ಏಣಿ ಹತ್ತಬೇಕು, ದಾರಿಹೋಕರು ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ಉತ್ಸವಕ್ಕೆಂದು ಬಂದಿಳಿದು, ಎಲ್ಲ ಊರಲ್ಲೂ ಬರೆಯುವ ಅದೇ ಚಿತ್ರವನ್ನು ಇಲ್ಲೂ ಬರೆದು ವಿಮಾನ ಹತ್ತುವವರಿದ್ದಾರೆ. ಅದನ್ನು ಕಲಾ ವಿನಿಮಯ ಎನ್ನಲು ನನಗೆ ಮನಸ್ಸಿಲ್ಲ.

ವಿನಿಮಯ ಎನ್ನಬಹುದಾದ ಒಂದು ಉದಾಹರಣೆ ಹೇಳುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯಲ್ಲಿ ಕ್ಲಾರಿಯನ್ ಆ್ಯಲಿ ಎಂಬ ಇಕ್ಕಟ್ಟಿನ ಗಲ್ಲಿಯಿದೆ. 1992ರಿಂದ ಕಲಾವಿದರು ಅದರ ಗೋಡೆ, ಬಾಗಿಲುಗಳನ್ನೆಲ್ಲ ಚಿತ್ರಗಳಿಂದ ತುಂಬುತ್ತ ಬಂದಿದ್ದಾರೆ. ಇಂಡೊನೇಷ್ಯಾದ ಯೋಗ್ಯಕರ್ತದಲ್ಲಿ ಸುಹಾರ್ತೊ ಆಳ್ವಿಕೆಯ ಕೊನೆಗಾಲದಲ್ಲಿ, 1997ರಲ್ಲಿ, ಅಪೋಟಿಕ್ ಕೊಮಿಕ್ ತಂಡ ಹುಟ್ಟಿತು. ಕಾಮಿಕ್ಸನ್ನು ಪುಸ್ತಕದಿಂದ ಬೀದಿಗೆ ತಂದವರು ಇವರು. 2003ರಲ್ಲಿ ಯೋಗ್ಯಕರ್ತದವರು ಸ್ಯಾನ್ ಫ್ರಾನ್ಸಿಸ್ಕೊಗೆ, ಸ್ಯಾನ್ ಫ್ರಾನ್ಸಿಸ್ಕೊದವರು ಯೋಗ್ಯಕರ್ತಕ್ಕೆ ಹೋಗಿ ಚಿತ್ರ ಬರೆದರು. ಇಂಡೊನೇಷ್ಯಾದ ಬಾಲಿಯಲ್ಲಿ ಬಾಂಬ್ ಸ್ಫೋಟವಾದ ಮರುವರ್ಷ ಅದು; ಅಮೆರಿಕ ಇರಾಕಿನ ಮೇಲೆ ದಂಡೆತ್ತಿ ಹೋದ ವರ್ಷವೂ ಹೌದು. ಎರಡು ದೇಶಗಳ ಜನ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಿದ್ದ ಹೊತ್ತಿನಲ್ಲಿ ಇವರು ಸರದಿಯ ಮೇಲೆ ಅತಿಥಿಗಳಾದರು, ಸರದಿಯ ಮೇಲೆ ಮನೆಯವರಾದರು. 2018ರಲ್ಲಿ ಎರಡೂ ಊರುಗಳ ಕಲಾವಿದರು ಮತ್ತೊಮ್ಮೆ ಹೋಗಿಬಂದರು.

ನಮ್ಮ ಬೆಂಗಳೂರಿನ ಶಿಲೋ ಶಿವ್ ಸುಲೇಮಾನ್ 2015ರಲ್ಲಿ ಪಾಕಿಸ್ತಾನಕ್ಕೆ ಹೋದರು. ದೆಹಲಿಯ 2012ರ ಅತ್ಯಾಚಾರ ಪ್ರಕರಣದ ನಂತರ ಅವರು ಕಟ್ಟಿದ ಬಳಗದ ಹೆಸರು ಫಿಯರ್‌ಲೆಸ್ ಕಲೆಕ್ಟಿವ್. ಈ ಬಳಗ ಸಿದ್ಧ ಚಿತ್ರ ಹಿಡಿದು ಹೋಗುವುದಿಲ್ಲ. ಮೊದಲು ಅಲ್ಲಿನ ಜನರ ಜೊತೆ ಕೂತು ಅವರ ಭಯವೇನು, ಬಯಕೆಯೇನು ಎಂದು ಕೇಳುತ್ತದೆ, ಕುಂಚ ಹಿಡಿಯುವುದು ಆಮೇಲೆ. ರಾವಲ್ಪಿಂಡಿಯಲ್ಲಿ ಖ್ವಾಜಾಸಿರಾ ಸಮುದಾಯದವರ (ನಮ್ಮಲ್ಲಿ ಮಂಗಳಮುಖಿಯರು ಎನ್ನುತ್ತೇವಲ್ಲ, ಅಂಥವರ) ಜೊತೆಗೂಡಿ ಬರೆದ ಚಿತ್ರದಲ್ಲಿ ಅವರಲ್ಲೊಬ್ಬರು ಸೈಕಲ್ ಏರಿದ್ದಾರೆ. ನಾವೂ ದೇವರ ಸೃಷ್ಟಿಯೇ ಎಂಬ ಅರ್ಥದ ಉರ್ದು ಸಾಲು ಜೊತೆಗಿದೆ. ಬೀದಿಯಲ್ಲಿ ತಲೆತಗ್ಗಿಸಿ ನಡೆಯಬೇಕಾದವರಿಗೆ ಅದೇ ಬೀದಿಯಲ್ಲಿ ಆಳೆತ್ತರದ ಜಾಗ ಸಿಕ್ಕಿತು. ಅದನ್ನು ದೊರಕಿಸಿಕೊಡಲು ನಮ್ಮೂರಿನ ಹೆಣ್ಣುಮಗಳೊಬ್ಬಳು ಗಡಿ ದಾಟಿ ಹೋಗಿದ್ದಳು ಎಂಬುದು ನನಗೆ ಹೆಮ್ಮೆಯ ವಿಷಯ.

ಅಲ್ಲಿನ ಕಲಾವಿದರೂ ಇಲ್ಲಿಗೆ ಬಂದು, ಶಿವಾಜಿನಗರದಲ್ಲೋ ಕಾಟನ್‌ಪೇಟೆಯಲ್ಲೋ ನಮ್ಮ ಮಂಗಳಮುಖಿಯರ ಜೊತೆ ಕೂತು, ಅವರ ಮಾತು ಕೇಳಿ ಚಿತ್ರ ಬರೆಯಬೇಕೆಂಬುದು ನನ್ನ ಆಸೆ. ಆದರೆ 2025ರ ಏಪ್ರಿಲ್‌ನಲ್ಲಿ ಭಾರತ ಪಾಕಿಸ್ತಾನದವರಿಗೆ ವೀಸಾ ಕೊಡುವುದನ್ನು ನಿಲ್ಲಿಸಿತು. ಮತ್ತೆ ಕೊಡಲು ಶುರುಮಾಡಿದಾಗ ಕ್ರಿಕೆಟ್ ಆಟಗಾರರ ಜೊತೆ ಬಣ್ಣ ಬಳಿಯುವವರ ಹೆಸರನ್ನೂ ಯಾರಾದರೂ ವೀಸಾ ಪಡೆಯುವವರ ಪಟ್ಟಿಗೆ ಸೇರಿಸಲಿ.