ಇಂದಿನ ಧಮ್ಮ ಚಿಂತನೆ: ಗುಲಾಮ ತಂದ ನೀರು



ಎಲ್ಲೋರ ಗುಹೆಗಳ ಹತ್ತಿರವೇ ಖುಲ್ದಾಬಾದ್ ಇದೆ. ಅದರ ಹಳೆಯ ಹೆಸರು ರೌಜಾ. ಆ ಮಾತಿಗೆ ತೋಟ ಎಂದೂ ಅರ್ಥ, ಗೋರಿ ಎಂದೂ ಅರ್ಥ. ಅಲ್ಲಿ ಮಲಿಕ್ ಅಂಬರ್ ಅವರ ಗೋರಿಯಿದೆ.

ಇಥಿಯೋಪಿಯಾದಲ್ಲಿ ಹುಟ್ಟಿದ ಅಂಬರ್ ಅವರನ್ನು ಎಳೆಯ ವಯಸ್ಸಿನಲ್ಲೇ ಗುಲಾಮರಾಗಿ ಮಾರಲಾಯಿತು. ಕೈಯಿಂದ ಕೈಗೆ ಮಾರಾಟವಾಗುತ್ತ ದಖ್ಖನ್ನಿಗೆ ಬಂದರು. ಮುಂದೆ ಅಹ್ಮದ್‌ನಗರದ ನಿಜಾಮಶಾಹಿ ರಾಜ್ಯವನ್ನೇ ನಡೆಸಿದರು, ಮೊಘಲರ ಸೈನ್ಯವನ್ನು ವರ್ಷಗಟ್ಟಲೆ ತಡೆದರು. 1610ರ ಸುಮಾರಿಗೆ ಖಡ್ಕಿ ನಗರ ಕಟ್ಟಿ, ನೆಲದೊಳಗಿನ ಕಾಲುವೆಯಿಂದ ಊರಿಗೆ ನೀರು ತಂದರು. 1626ರಲ್ಲಿ ತೀರಿಕೊಂಡರು. ಆ ಖಡ್ಕಿಯೇ ಔರಂಗಾಬಾದ್ ಆಯಿತು. ಬಾಬಾಸಾಹೇಬರು 1950ರಲ್ಲಿ ಕಾಲೇಜು ತೆರೆದದ್ದು ಅದೇ ಊರಿನಲ್ಲಿ.

ಹುಟ್ಟು ಯಾರನ್ನೂ ಕೀಳು ಮಾಡುವುದಿಲ್ಲ, ನಡತೆಯೇ ಅಳತೆ ಎಂಬುದು ವಸಲ ಸುತ್ತದ ಬೋಧೆ. ಅಂಬರ್ ಬೌದ್ಧರಲ್ಲ, ಗೋರಿಗೆ ನಾವು ಹರಕೆ ಹೊರುವವರೂ ಅಲ್ಲ. ಆದರೂ ಅವರ ಬದುಕಿನಿಂದ ಕಲಿಯಬಹುದು. ಅವರು ಕಾಪಾಡಿದ ರಾಜ್ಯ ಅಳಿಯಿತು, ಕಟ್ಟಿದ ಊರಿನ ಹೆಸರೂ ಬದಲಾಯಿತು. ಎಲ್ಲವೂ ಅನಿತ್ಯ. ಅವರು ತಂದ ನೀರು ಮಾತ್ರ ತಲೆಮಾರುಗಳ ಬಾಯಾರಿಕೆ ತಣಿಸಿತು.

1927ರಲ್ಲಿ ಮಹಾಡಿನ ಚವದಾರ್ ಕೆರೆಗೆ ನಡೆದವರ ವಾರಸುದಾರರು ನಾವು. ಇಂದು ನಮ್ಮಲ್ಲಿ ಅನೇಕರಿಗೆ ನೌಕರಿಯಿದೆ, ಸ್ವಂತ ಮನೆಯಿದೆ. ಕೇರಿಯಲ್ಲಿ ಇನ್ನೂ ಕಾದು ನಿಂತವರಿಗೆ ನಮ್ಮಿಂದ ಒಂದು ಕಾಲುವೆ ಹರಿದಿದೆಯೇ?

ಇಂದಿನ ಸಂಕಲ್ಪ: ಕೇರಿಯ ಒಂದು ಮಗುವಿಗೆ ಫೀಸು, ಪುಸ್ತಕ, ಇಲ್ಲವೇ ದಿನಕ್ಕೊಂದು ಗಂಟೆಯ ಪಾಠ. ನಮ್ಮ ಕೈಲಾದದ್ದನ್ನು ಈ ವಾರವೇ ಶುರು ಮಾಡೋಣ.

ಭವತು ಸಬ್ಬ ಮಂಗಲಂ ☸️