ಮಗ್ಗುಲಿನವನ ಹಕ್ಕು

ಮಿನಾದ ಡೇರೆಯೊಳಗೆ ಕಾಲಿಟ್ಟೊಡನೆ ನಾನು ಮೊದಲು ಮಾಡಿದ ಕೆಲಸವನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ನನ್ನ ಪಾಲಿಗೆ ಬಂದ ಹಾಸಿಗೆಯ ಅಗಲವನ್ನು ಗೇಣಿನಿಂದ ಅಳೆದೆ. ಎರಡು ಗೇಣು, ಮೇಲೆ ನಾಲ್ಕು ಬೆರಳು. ಎಡಗಡೆ ಬೀದರ್ ಕಡೆಯ ಒಬ್ಬ ಹಿರಿಯರು. ಬಲಗಡೆ ನಮ್ಮದೇ ಭಟ್ಕಳ ತಾಲೂಕಿನ ತೆಂಗಿನಗುಂಡಿಯ ಒಬ್ಬ ಚಾಚಾ, ದೋಣಿ ನಡೆಸಿ ಬದುಕಿದವರು. ತಲೆಯ ಕಡೆ ಇನ್ಯಾರದೋ ಪಾದಗಳು. ಹಾಸಿಗೆಗಳ ನಡುವೆ ಕೈಚೀಲ ಇಡಲೂ ಜಾಗವಿರಲಿಲ್ಲ. ಆದರೂ ನಾನು ನನ್ನ ಚೀಲವನ್ನು ಎಡಗಡೆಯ ಹಾಸಿಗೆಯ ಅಂಚಿನ ಮೇಲೆ ಇಟ್ಟೆ, ಗಡಿಕಲ್ಲು ನೆಟ್ಟ ಹಾಗೆ.

ಹಜ್ಜ್ ಮಾಡಿ ಬಂದವರಿಗೆ ಮಿನಾವನ್ನು ವಿವರಿಸಬೇಕಾಗಿಲ್ಲ. ಇತರರಿಗಾಗಿ ಇಷ್ಟು ಹೇಳಬಹುದು. ಅದು ಮಕ್ಕಾದ ಪೂರ್ವಕ್ಕಿರುವ ಒಂದು ಕಣಿವೆ. ವರ್ಷದ ಬಹುಪಾಲು ದಿನ ಬರಿದು. ದುಲ್‌ಹಜ್ಜ್ ತಿಂಗಳ 8ರಿಂದ 12 ಅಥವಾ 13ರವರೆಗೆ, ನಡುವೆ ಅರಫಾ ಮತ್ತು ಮುಝ್ದಲಿಫಾಕ್ಕೆ ಹೋಗಿ ಬರುವ ಹೊತ್ತನ್ನು ಬಿಟ್ಟರೆ, ಲಕ್ಷಾಂತರ ಜನ ಅಲ್ಲಿ ಡೇರೆಗಳಲ್ಲಿ ತಂಗುತ್ತಾರೆ. ಹಿಂದೆ ಬಟ್ಟೆಯ ಡೇರೆಗಳಿದ್ದವು, ಅಡುಗೆಯೂ ಅಲ್ಲೇ. 1997ರ ಏಪ್ರಿಲ್ 15ರಂದು ಹೊತ್ತಿದ ಬೆಂಕಿ ಗಾಳಿಯ ಜೊತೆ ಡೇರೆಯಿಂದ ಡೇರೆಗೆ ಹಾರಿ 340ಕ್ಕೂ ಹೆಚ್ಚು ಹಾಜಿಗಳನ್ನು ಬಲಿ ತೆಗೆದುಕೊಂಡಿತು. ಆಮೇಲೆ ಬೆಂಕಿ ಹಿಡಿಯದ ಗಾಜಿನ ನಾರಿನ ಡೇರೆಗಳು ಬಂದವು. ಆದರೆ ಅಂತರ ಮಾತ್ರ ಹೆಚ್ಚಲಿಲ್ಲ. ಪಕ್ಕದವನ ಉಸಿರು ನಮ್ಮ ಕಿವಿಗೆ ಕೇಳಿಸುವಷ್ಟೇ ಹತ್ತಿರ.

ಬೀದರಿನ ಹಿರಿಯರಿಗೆ ಕೆಮ್ಮಿತ್ತು. ಮೊದಲ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಜ್ಜ್‌ನಲ್ಲಿ ಜಗಳ ಸಲ್ಲದು ಎಂಬುದು ಗೊತ್ತಿದ್ದುದರಿಂದ ಬಾಯಿ ಮುಚ್ಚಿಕೊಂಡಿದ್ದೆ. ಮನಸ್ಸು ಮಾತ್ರ ಬೆಳಗಿನವರೆಗೆ ಅವರೊಡನೆ ಜಗಳವಾಡಿತು. ಮುಝ್ದಲಿಫಾದಿಂದ ಮಿನಾಕ್ಕೆ ಮರಳಿದ ದಿನ ನಮ್ಮ ಗುಂಪಿನ ಮುಖ್ಯಸ್ಥನನ್ನು ಹೊರಗೆ ಕರೆದು, 'ಪಾಪ, ಆ ಹಿರಿಯರಿಗೆ ಉಸಿರಾಟದ ತೊಂದರೆ ಇದೆ, ಬಾಗಿಲ ಬಳಿ ಗಾಳಿ ಚೆನ್ನಾಗಿದೆ' ಎಂದೆ. ಅವರು ಮರುಮಾತಿಲ್ಲದೆ ಹಾಸಿಗೆ ಮಡಚಿಕೊಂಡು ಎದ್ದರು. ಹೋಗುವ ಮುನ್ನ ನನ್ನ ಹೆಗಲ ಮೇಲೆ ಕೈಯಿಟ್ಟು, 'ಮಾಫ್ ಕರನಾ ಬೇಟಾ, ನಿನ್ನ ನಿದ್ದೆ ಕೆಡಿಸಿದೆ' ಎಂದರು. ಅಂದರೆ ಅವರಿಗೆ ಎಲ್ಲವೂ ಅರ್ಥವಾಗಿತ್ತು. ಬಾಗಿಲ ಬಳಿ ಇಡೀ ರಾತ್ರಿ ಜನರ ಓಡಾಟ. ಬರುವವರು ಹೋಗುವವರು ಅವರ ಹಾಸಿಗೆಯ ಅಂಚನ್ನು ತುಳಿದೇ ದಾಟುತ್ತಿದ್ದರು. (ತೆರವಾದ ಜಾಗಕ್ಕೆ ಬಂದವರ ಗೊರಕೆಯ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅದು ನನಗೆ ಸಲ್ಲಬೇಕಾದದ್ದೇ.)

ತೆಂಗಿನಗುಂಡಿಯ ಚಾಚಾ ಇದನ್ನೆಲ್ಲ ನೋಡುತ್ತಿದ್ದರು. ಆ ರಾತ್ರಿ ಏನೂ ಹೇಳಲಿಲ್ಲ. ಮರುದಿನ ಚಹಾ ಕುಡಿಯುತ್ತಾ ತಮ್ಮ ಬಂದರಿನ ಮಾತು ತೆಗೆದರು.

'ನಮ್ಮಲ್ಲಿ ದಕ್ಕೆ ಚಿಕ್ಕದು, ದೋಣಿ ಬಹಳ. ದಡಕ್ಕೆ ಒಂದು ದೋಣಿ, ಅದಕ್ಕೆ ತಾಗಿ ಇನ್ನೊಂದು, ಅದಕ್ಕೆ ಮತ್ತೊಂದು, ಹೀಗೆ ಕಟ್ಟುತ್ತೇವೆ. ಕಡೆಯ ದೋಣಿಯವನು ದಡಕ್ಕೆ ಹೋಗಬೇಕಾದರೆ ನಡುವಿನ ದೋಣಿಗಳನ್ನೆಲ್ಲ ತುಳಿದೇ ಹೋಗಬೇಕು. ಮೀನಿನ ಬುಟ್ಟಿಯ ನೀರು ಸೋರುತ್ತದೆ, ಕೆಸರಿನ ಕಾಲು. ತುಳಿಯಬೇಡ ಎನ್ನಲಾಗುತ್ತದೆಯೇ ಬೇಟಾ? ಇವತ್ತು ಅವನು ಹೊರಗೆ, ನಾಳೆ ತಡವಾಗಿ ಬಂದರೆ ನಾನು ಹೊರಗೆ.'

ನನಗೆ ಪಾಠ ಹೇಳುತ್ತಿದ್ದಾರೆಂದು ತಿಳಿಯಿತು. ಸಿಟ್ಟೂ ಬಂತು. ಕಥೆ ಬರೆಯುವವನಿಗೆ ಬೇರೆಯವರು ಕಥೆ ಹೇಳಿ ಬುದ್ಧಿ ಕಲಿಸುವುದು ಸಹಿಸಲು ಕಷ್ಟ. ಆದ್ದರಿಂದ ಮನಸ್ಸಿನಲ್ಲೇ ಒಂದು ಆಕ್ಷೇಪ ಹುಡುಕಿಕೊಂಡೆ. ಬಂದರಿನ ಲೆಕ್ಕ ಕೊಡು-ಕೊಳ್ಳುವ ಲೆಕ್ಕ. ನಾಳೆ ಅವನ ದೋಣಿಯನ್ನು ನಾನು ತುಳಿಯಬೇಕಾಗುತ್ತದೆ, ಅದಕ್ಕೇ ಇವತ್ತು ನನ್ನದನ್ನು ತುಳಿಯಲು ಬಿಡುತ್ತೇನೆ. ಮಿನಾದಲ್ಲಿ ಆ ನಾಳೆ ಎಲ್ಲಿದೆ? ಬೀದರಿನವರು ಬೀದರಿಗೆ, ನಾನು ಭಟ್ಕಳಕ್ಕೆ. ನಾಳೆಯೇ ಇಲ್ಲದ ನೆರೆಹೊರೆಯಲ್ಲಿ ನಾನು ಯಾಕೆ ಸಹಿಸಬೇಕು?

ಈ ಪ್ರಶ್ನೆ ಊರಿಗೆ ಮರಳಿದ ಮೇಲೂ ನನ್ನನ್ನು ಬಿಡಲಿಲ್ಲ. ಪವಿತ್ರ ಕುರ್‌ಆನ್‌ನ ಅನ್ನಿಸಾ ಅಧ್ಯಾಯದ 36ನೆಯ ಸೂಕ್ತ ಒಳಿತಿಗೆ ಅರ್ಹರಾದವರ ಪಟ್ಟಿಯಲ್ಲಿ ಬಂಧುವಾದ ನೆರೆಯವನನ್ನೂ ಪರಕೀಯನಾದ ನೆರೆಯವನನ್ನೂ ಹೇಳಿ, ಅಷ್ಟಕ್ಕೇ ನಿಲ್ಲದೆ ಮೂರನೆಯವನೊಬ್ಬನನ್ನು ಸೇರಿಸುತ್ತದೆ: ಮಗ್ಗುಲಿನ ಸಂಗಾತಿ. ವ್ಯಾಖ್ಯಾನಕಾರರಲ್ಲಿ ಕೆಲವರು ಅದನ್ನು ಪತ್ನಿ ಎಂದರು, ಕೆಲವರು ಪ್ರಯಾಣದ ಜೊತೆಗಾರ ಎಂದರು. ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತವನೂ ಇದರಲ್ಲಿ ಸೇರುತ್ತಾನೆ ಎಂದವರಿದ್ದಾರೆ. ಬಸ್ಸಿನ ಸೀಟಿನವನು, ಆಸ್ಪತ್ರೆಯ ಪಕ್ಕದ ಮಂಚದವನು, ಡೇರೆಯವನು. ಇವನು ಊರಿನವನಲ್ಲ, ನೆಂಟನಲ್ಲ, ನಾಳೆ ಇರುವವನೂ ಅಲ್ಲ. ಆದರೂ ಹಕ್ಕುದಾರ.

ಮಿನಾದ ನೆಲಕ್ಕೆ ಒಡೆಯನಿಲ್ಲ. ಅಲ್ಲಿ ನೆರಳಿಗಾಗಿ ಒಂದು ಕಟ್ಟಡ ಕಟ್ಟಿಸೋಣವೇ ಎಂದು ಕೇಳಿದಾಗ ಪ್ರವಾದಿ(ಸ)ರು ಬೇಡವೆಂದರು, ಅದು ಮೊದಲು ಬಂದವರು ಇಳಿದುಕೊಳ್ಳುವ ತಾಣ ಎಂದರು ಎಂಬ ವರದಿ ಹ. ಆಯಿಶಾ(ರ)ರಿಂದ ಬಂದಿದೆ. ನಾನು ಮೊದಲು ಬಂದವನು, ಚೀಲ ಇಟ್ಟವನು, ಆದ್ದರಿಂದ ಜಾಗ ನನ್ನದು ಎಂದು ಇದರಿಂದ ವಾದಿಸಬಹುದು. ರೈಲಿನಲ್ಲಿ ಟವೆಲ್ ಹಾಸುವವರ ವಾದವೂ ಇದೇ. ಆದರೆ ತಮಗಾಗಿ ಒಂದು ನೆರಳನ್ನೂ ಕಾಯ್ದಿರಿಸಿಕೊಳ್ಳದವರ ಮಾತನ್ನು ನನ್ನ ನಾಲ್ಕು ಬೆರಳು ಜಾಗಕ್ಕೆ ಪಟ್ಟಾ ಮಾಡಿಕೊಳ್ಳುವುದು ಯಾವ ನ್ಯಾಯ? ಮೊದಲು ಬಂದದ್ದರಿಂದ ಇಳಿದುಕೊಳ್ಳುವ ಹಕ್ಕು ಬರುತ್ತದೆ. ಮತ್ತೊಬ್ಬನನ್ನು ಎಬ್ಬಿಸುವ ಹಕ್ಕು ಬರುವುದಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ದಿನ ತೆಂಗಿನಗುಂಡಿಗೆ ಹೋದೆ. ವೆಂಕಟಾಪುರ ಹೊಳೆ ಕಡಲು ಸೇರುವ ಅಳಿವೆಯ ಬಳಿಯ ಬಂದರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆದ್ದರಿಂದ ದೋಣಿಗಳೆಲ್ಲ ಒಳಗೆ, ಚಾಚಾ ಹೇಳಿದ ಹಾಗೆಯೇ ಒಂದಕ್ಕೊಂದು ತಾಗಿ. ಮೊಗೇರರ ದೋಣಿ, ಖಾರ್ವಿಯವರದು, ನಮ್ಮವರದು. ಹೆಸರುಗಳು ದೇವಿಯದೂ ಇವೆ, ದರ್ಗಾದ್ದೂ ಇವೆ. ಎರಡು ದೋಣಿಗಳ ನಡುವೆ ಹಳೆಯ ಟೈರುಗಳನ್ನು ಇಳಿಬಿಟ್ಟಿದ್ದರು, ಅಲೆಗೆ ಹಲಗೆ ಹಲಗೆಗೆ ಬಡಿಯಬಾರದೆಂದು. ಹಗ್ಗವನ್ನು ಬಿಗಿಯಾಗಿ ಕಟ್ಟಿರಲಿಲ್ಲ. ಬಿಗಿದರೆ ಇಳಿತದ ಹೊತ್ತಿಗೆ ಹರಿಯುತ್ತದೆ, ಪೂರಾ ಸಡಿಲ ಬಿಟ್ಟರೆ ಟೈರು ಇದ್ದರೂ ಉಪಯೋಗವಿಲ್ಲ ಎಂದರು ಚಾಚಾ.

ನನ್ನ ಆಕ್ಷೇಪವನ್ನು ಅಲ್ಲಿ ಅವರ ಮುಂದಿಟ್ಟೆ. ಅವರು ನಕ್ಕರು. ಇಲ್ಲಿ ಜಗಳವೇ ಇಲ್ಲವೆಂದುಕೊಂಡೆಯಾ ಎಂದರು. ಹಗ್ಗ ಕೊಯ್ದದ್ದಿದೆ, ಡೀಸೆಲ್ ಕದ್ದದ್ದಿದೆ, ಹುಟ್ಟು ಹಿಡಿದು ಹೊಡೆದಾಡಿದ್ದೂ ಇದೆ. ಆಮೇಲೆ ತಡೆದು ಹೇಳಿದರು: 'ಗಾಳಿ ಎದ್ದಾಗ ಪರವೂರಿನ ದೋಣಿ ಬರುತ್ತದೆ. ಅವನು ಮತ್ತೆ ಈ ಕಡೆ ಬರುವವನಲ್ಲ. ಅವನು ಹಗ್ಗ ಎಸೆದಾಗ ಯಾವ ಊರು ಎಂದು ಕೇಳುವ ಮೊದಲು ಹಿಡಿಯಬೇಕು. ಕೇಳುತ್ತಾ ನಿಂತರೆ ಹಗ್ಗ ನೀರಿಗೆ ಬೀಳುತ್ತದೆ.'

2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಕಾರವಾರದ ಬಂದರಿನಲ್ಲಿ ಹೊರರಾಜ್ಯಗಳ ದೋಣಿಗಳು ಆಶ್ರಯ ಪಡೆದದ್ದು ನೆನಪಾಯಿತು. ಗಾಳಿಯಿಲ್ಲದ ದಿನಗಳಲ್ಲಿ ಹೊರರಾಜ್ಯದ ದೋಣಿಗಳೆಂದರೆ ನಮ್ಮ ಕರಾವಳಿಯಲ್ಲಿ ಜಗಳ, ದೂರು. ಆ ದೂರುಗಳಲ್ಲಿ ನ್ಯಾಯವೂ ಇದೆ. ಆದರೆ ಮೀನಿನ ಲೆಕ್ಕ ಬೇರೆ, ಹಗ್ಗದ ಲೆಕ್ಕ ಬೇರೆ.

ನೆರೆಯವನು ತನ್ನ ಗೋಡೆಗೆ ತೊಲೆ ಊರಲು ಬಂದರೆ ತಡೆಯಬಾರದು ಎಂಬ ಪ್ರವಾದಿ ವಚನವನ್ನು ಅಬೂಹುರೈರಾ(ರ) ವರದಿ ಮಾಡಿದ್ದಾರೆ. ಇದು ಕಡ್ಡಾಯವೋ, ಮಾಡಿದರೆ ಒಳ್ಳೆಯದು ಎಂಬಷ್ಟೇ ಆದ ಸಲಹೆಯೋ ಎಂಬ ಬಗ್ಗೆ ಧರ್ಮಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಇಮಾಮ್ ಅಹ್ಮದ್ ಬಿನ್ ಹಂಬಲ್ ಕಡ್ಡಾಯ ಎಂದರು, ಹೆಚ್ಚಿನವರು ಸಲಹೆ ಎಂದರು. ವಿದ್ವಾಂಸನಲ್ಲದ ನಾನು ತೀರ್ಪು ಕೊಡಲಾರೆ. ನನಗೆ ತೋಚುವುದಿಷ್ಟು. ಅಂಗಳ ವಿಶಾಲವಾಗಿರುವಲ್ಲಿ ಅದು ಸೌಜನ್ಯವಾಗಿರಬಹುದು. ಎರಡು ಗೇಣು ಅಗಲದಲ್ಲಿ, ದಕ್ಕೆಯಿಂದ ನಾಲ್ಕನೆಯ ದೋಣಿಯಲ್ಲಿ, ನನ್ನ ಸೌಜನ್ಯವಿಲ್ಲದೆ ಇನ್ನೊಬ್ಬನಿಗೆ ದಾರಿಯೇ ಇಲ್ಲ. ಅಲ್ಲಿ ಅದನ್ನು ಸೌಜನ್ಯವೆಂದು ಕರೆಯುವುದು ನನ್ನ ದೊಡ್ಡಸ್ತಿಕೆ ಅಷ್ಟೇ.

ನಾಳೆಯೂ ಒಟ್ಟಿಗಿರುವವರೇ ಒಳ್ಳೆಯ ನೆರೆಯವರು ಎಂಬ ನಂಬಿಕೆ ನನ್ನಲ್ಲಿ ಉಳಿದಿಲ್ಲ. ಭಟ್ಕಳದಲ್ಲಿ 1993ರ ಗಲಭೆ ಕಂಡವರು ನಾವು. ಮೂರು ತಲೆಮಾರು ಅಕ್ಕಪಕ್ಕ ಬಾಳಿದವರು, ಬಾಣಂತಿಗೆ ಸಾರು ಕಳಿಸಿದವರು, ತಿಂಗಳುಗಟ್ಟಲೆ ಒಬ್ಬರ ಬಾಗಿಲನ್ನೊಬ್ಬರು ನೋಡಲಿಲ್ಲ. ಕೊಡು-ಕೊಳ್ಳುವ ಲೆಕ್ಕ ಅಷ್ಟು ದೀರ್ಘವಾಗಿದ್ದೂ ಆ ದಿನಗಳಲ್ಲಿ ಕೆಲಸಕ್ಕೆ ಬರಲಿಲ್ಲ. ಆದರೂ ಒಂದು ವ್ಯತ್ಯಾಸವಿದೆ. ಊರಿನ ನೆರೆಯವನೊಡನೆ ಕೆಟ್ಟರೆ ಸರಿಪಡಿಸಲು ವರ್ಷಗಳಿವೆ. ಹಬ್ಬಕ್ಕೆ ಹೋಗಬಹುದು, ಸಾವಿಗೆ ಹೋಗಬಹುದು. ಕೆಲವರು ಹೋದರು ಕೂಡ. ಎರಡು ದಿನದ ನೆರೆಯವನಿಗೆ ಮಾಡಿದ್ದು ಹಾಗೆಯೇ ನಿಂತುಬಿಡುತ್ತದೆ. ಎರಡೇ ದಿನ ತಾನೇ ಎಂದು ನಾವು ಯಾವುದನ್ನು ಸಡಿಲ ಬಿಡುತ್ತೇವೋ, ಆ ಎರಡು ದಿನದ ಕಾರಣಕ್ಕೇ ಅದು ಭಾರವಾಗುತ್ತದೆ.

ಹಕ್ಕುಲ್ ಇಬಾದ್, ಅಂದರೆ ಮನುಷ್ಯರಿಗೆ ಸಲ್ಲಬೇಕಾದ ಹಕ್ಕು, ಆ ಮನುಷ್ಯನೇ ಕ್ಷಮಿಸದೆ ತೀರುವುದಿಲ್ಲವೆಂದು ಮದ್ರಸಾದಲ್ಲಿ ಓದಿದ್ದೆ. ನಾನು ಕೇಳಬೇಕಾಗಿದ್ದ ಕ್ಷಮೆಯನ್ನು ಬೀದರಿನ ಹಿರಿಯರೇ ನನ್ನಲ್ಲಿ ಕೇಳಿ ಹೋದರು. ಊರಿಗೆ ಬಂದು ಫೋನ್ ಮಾಡೋಣವೆಂದು ಚೀಟಿಗಳನ್ನೆಲ್ಲ ಹುಡುಕಿದೆ. ಚಾಚಾರ ನಂಬರ್ ಇತ್ತು, ಗೊರಕೆಯವರದೂ ಇತ್ತು. ಅವರನ್ನು ಕೊನೆಯ ಸಲ ಕಂಡದ್ದು ಮಿನಾದಿಂದ ಹೊರಡುವ ಬಸ್ಸುಗಳ ಗದ್ದಲದಲ್ಲಿ. ಕಿಟಕಿಯಿಂದ ಕೈ ಎತ್ತಿದರು, ನಾನೂ ಎತ್ತಿದೆ. ನಾಲ್ಕು ದಿನ ಒಂದೇ ಡೇರೆಯಲ್ಲಿದ್ದೆವು. ಅವರ ಹೆಸರು ನಾನು ಕೇಳಿರಲಿಲ್ಲ.